ಮನೆಗೆ ನೆಬ್ಯುಲೈಸರ್ ಕಂಪ್ರೆಸರ್: ಕೊಳ್ಳುವ ಮೊದಲು ಅಳೆಯಬೇಕಾದದ್ದು

ಮಾನ್ಯರೇ,

ಈ ಸಂಜೆ ನಾನು ಮಾತನಾಡಲಿರುವುದು ಬ್ರಾಂಕಿಯೆಕ್ಟೇಸಿಸ್ ಇರುವವರು ಮನೆಯಲ್ಲಿ ಬಳಸುವ ನೆಬ್ಯುಲೈಸರ್ ಕಂಪ್ರೆಸರ್, ಅಂದರೆ ದ್ರವ ಔಷಧವನ್ನು ಗಾಳಿಯ ಒತ್ತಡದಿಂದ ಮಂಜಾಗಿಸಿ ಉಸಿರಿಗೆ ಕೊಡುವ ಯಂತ್ರದ ಬಗ್ಗೆ. ಶ್ವಾಸನಾಳಗಳು ಶಾಶ್ವತವಾಗಿ ಹಿಗ್ಗಿ, ಕಫವನ್ನು ಹೊರದೂಡುವ ಶಕ್ತಿ ಕುಂದಿ, ನಿಂತ ಕಫದಲ್ಲಿ ಮತ್ತೆ ಮತ್ತೆ ಸೋಂಕಾಗುವ ಕಾಯಿಲೆ ಇದು. ನಮ್ಮ ದೇಶದಲ್ಲಿ ಇದಕ್ಕೂ ಕ್ಷಯಕ್ಕೂ ಹತ್ತಿರದ ನಂಟಿದೆ. ದೇಶದ 31 ಕೇಂದ್ರಗಳಲ್ಲಿ 2,195 ರೋಗಿಗಳನ್ನು ದಾಖಲಿಸಿ 2019ರಲ್ಲಿ ಪ್ರಕಟವಾದ ನೋಂದಣಿ ಅಧ್ಯಯನದಲ್ಲಿ, ಕಾಯಿಲೆಗೆ ಕಾರಣವಾಗಿ ಎಲ್ಲಕ್ಕಿಂತ ಹೆಚ್ಚು ಕಂಡದ್ದು ಹಿಂದೆ ಬಂದುಹೋದ ಕ್ಷಯವೇ. ಅದರ ಪಾಲು ಶೇ. 35.5. ಕ್ಷಯಕ್ಕೆ ಮಾತ್ರೆ ಮುಗಿಸಿ ಗುಣವಾದೆವೆಂದುಕೊಂಡವರು ಹತ್ತಾರು ವರ್ಷಗಳ ಬಳಿಕ ದಿನವೂ ಬೆಳಿಗ್ಗೆ ಬಟ್ಟಲುಗಟ್ಟಲೆ ಕಫ ತೆಗೆಯುತ್ತಾ ಎದೆರೋಗದ ಹೊರರೋಗಿ ವಿಭಾಗಗಳಿಗೆ ಬರುತ್ತಾರೆ.

ಈ ಕಾಯಿಲೆಯನ್ನೇ ಮುಂದಿಟ್ಟುಕೊಳ್ಳಲು ಕಾರಣವಿದೆ. ವರ್ಷಕ್ಕೆ ನಾಲ್ಕಾರು ಸಲ ಉಬ್ಬಸ ಕೆರಳಿದಾಗ ಮಾತ್ರ ಯಂತ್ರವನ್ನು ಕಪಾಟಿನಿಂದ ಇಳಿಸುವವರಿಗೆ ಔಷಧದ ಅಂಗಡಿಯ ಸಾಧಾರಣ ಯಂತ್ರ ಸಾಕಾಗುತ್ತದೆ. ಅವರಲ್ಲಿ ಅನೇಕರಿಗೆ ಯಂತ್ರವೇ ಬೇಕಿಲ್ಲ, ಸ್ಪೇಸರ್ (ತುಂತುರನ್ನು ಹಿಡಿದಿಡುವ ಟೊಳ್ಳು ಕೊಳವೆ) ಜೋಡಿಸಿದ ಇನ್‌ಹೇಲರ್ ಅಷ್ಟೇ ಕೆಲಸ ಮಾಡುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನೆಬ್ಯುಲೈಸರ್ ಇನ್‌ಹೇಲರಿಗಿಂತ ‘ಸ್ಟ್ರಾಂಗ್’ ಎಂಬ ನಂಬಿಕೆ ನಮ್ಮಲ್ಲಿ ಅಗತ್ಯಕ್ಕಿಂತ ಹೆಚ್ಚಾಗಿ ಬೇರೂರಿದೆ. ಬ್ರಾಂಕಿಯೆಕ್ಟೇಸಿಸ್‌ನವರ ಸ್ಥಿತಿ ಬೇರೆ. ವೈದ್ಯರು ಪೂರ್ಣ ಕ್ರಮವನ್ನು ಬರೆದುಕೊಟ್ಟಿದ್ದರೆ, ಅವರು ಮೊದಲು ಸಾಲ್ಬ್ಯುಟಮಾಲ್‌ನಂಥ ಶ್ವಾಸನಾಳ ಅಗಲಿಸುವ ಔಷಧ ಎಳೆದುಕೊಂಡು, ಬಳಿಕ ಶೇ. 3 ಅಥವಾ ಶೇ. 7ರ ಗಾಢ ಉಪ್ಪುನೀರಿನ ದ್ರಾವಣ ಎಳೆದು, ಕಫ ಸಡಿಲವಾದ ಮೇಲೆ ಉಸಿರಾಟದ ವ್ಯಾಯಾಮ ಮಾಡಿ ಅದನ್ನು ಹೊರತೆಗೆದು, ಎದೆ ಖಾಲಿಯಾದ ನಂತರ ಕೊನೆಯಲ್ಲಿ ಪ್ರತಿಜೀವಕವನ್ನು ಎಳೆಯಬೇಕಾಗುತ್ತದೆ. ಇದು ದಿನಕ್ಕೆ ಎರಡು ಹೊತ್ತು, ತಿಂಗಳು ವರ್ಷಗಳ ಕಾಲ ನಡೆಯಬೇಕಾದ ಕೆಲಸ. ಇಂಥವರು ಕೊಳ್ಳುವ ಯಂತ್ರವನ್ನು ಅದರ ಬಣ್ಣ, ಗಾತ್ರ, ರಿಯಾಯಿತಿ ನೋಡಿ ಆರಿಸಲಾಗದು.

ಯಂತ್ರದೊಳಗೆ ನಡೆಯುವುದು ಸರಳ. ಮೋಟಾರು ಪಿಸ್ಟನ್ನನ್ನು ಆಡಿಸಿ ಕೋಣೆಯ ಗಾಳಿಯನ್ನೇ ಒತ್ತಿ ಪೈಪಿಗೆ ತಳ್ಳುತ್ತದೆ. ಆ ಗಾಳಿ ಔಷಧದ ಕಪ್ಪಿನ ತಳದಲ್ಲಿರುವ ಅತಿ ಕಿರಿದಾದ ರಂಧ್ರದಿಂದ ರಭಸವಾಗಿ ನುಗ್ಗುವಾಗ ಅಲ್ಲಿ ಒತ್ತಡ ಕುಸಿದು, ದ್ರವ ಮೇಲಕ್ಕೆ ಎಳೆಯಲ್ಪಟ್ಟು ಹನಿಹನಿಯಾಗಿ ಸಿಡಿಯುತ್ತದೆ. ದೊಡ್ಡ ಹನಿಗಳು ಎದುರಿನ ತಡೆಗೆ ಬಡಿದು ಮರಳಿ ಕಪ್ಪಿಗೆ ಬೀಳುತ್ತವೆ, ಸಣ್ಣವು ಮಂಜಾಗಿ ಬಾಯಿಗೆ ಬರುತ್ತವೆ. ಶ್ವಾಸಕೋಶದ ಸಣ್ಣ ನಾಳಗಳನ್ನು ತಲುಪಲು ಹನಿಯ ಗಾತ್ರ 1ರಿಂದ 5 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಒಳಗಿರಬೇಕು. ಅದಕ್ಕಿಂತ ದಪ್ಪ ಹನಿ ಗಂಟಲಲ್ಲೇ ಕೂರುತ್ತದೆ. 1 ಮೈಕ್ರಾನಿಗಿಂತ ಸಣ್ಣದರಲ್ಲಿ ಬಹುಪಾಲು ಉಸಿರಿನೊಡನೆ ಹೊರಗೆ ಹೋಗುತ್ತದೆ. ಕಂಪ್ರೆಸರ್ ದುರ್ಬಲವಾದರೆ ಮಂಜೇನೋ ಕಾಣುತ್ತದೆ, ಆದರೆ ಹನಿ ದಪ್ಪವಾಗಿರುತ್ತದೆ. ಕಣ್ಣಿಗೆ ಕಾಣುವ ದಟ್ಟ ಹೊಗೆಯನ್ನು ನಂಬಿ ಯಂತ್ರ ಚೆನ್ನಾಗಿದೆ ಎನ್ನುವುದು ಆದ್ದರಿಂದಲೇ ಸರಿಯಲ್ಲ.

ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಮುದ್ರಿಸಿರುವ ಗರಿಷ್ಠ ಹರಿವಿನ ಸಂಖ್ಯೆಯಲ್ಲೂ ಇಂಥದೇ ಒಂದು ತೊಡಕಿದೆ. ಆ ಸಂಖ್ಯೆ ಸಾಮಾನ್ಯವಾಗಿ ಕಪ್ ಜೋಡಿಸದೆ, ಗಾಳಿಗೆ ಯಾವ ಅಡ್ಡಿಯೂ ಇಲ್ಲದಿದ್ದಾಗ ಅಳೆದದ್ದು. ಬೋರ್‌ವೆಲ್ ಪಂಪು ಕೊಳ್ಳುವ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನೆಲಮಟ್ಟದಲ್ಲಿ ಧಾರಾಳವಾಗಿ ನೀರು ಸುರಿಸುವ ಪಂಪು ಮುನ್ನೂರು ಅಡಿ ಆಳದಿಂದ ಎತ್ತುವಾಗ ಎಷ್ಟು ಕೊಡುತ್ತದೆ ಎಂಬುದೇ ಅವರ ಪ್ರಶ್ನೆ. ಕಂಪ್ರೆಸರ್ ವಿಷಯದಲ್ಲೂ ಕೇಳಬೇಕಾದದ್ದು ಕಪ್ ಜೋಡಿಸಿ ಓಡಿಸಿದಾಗಿನ ಹರಿವು ಮತ್ತು ಒತ್ತಡ. ಹೆಚ್ಚಿನ ಜೆಟ್ ಕಪ್ಪುಗಳು ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿಯಲ್ಲಿ ಸರಿಯಾಗಿ ಕೆಲಸ ಮಾಡುವಂತೆ ರೂಪುಗೊಂಡಿವೆ. ಒಳ್ಳೆಯ ತಯಾರಕರು ಕೈಪಿಡಿಯಲ್ಲಿ ಕಪ್ ಇಲ್ಲದಾಗಿನ ಮತ್ತು ಇದ್ದಾಗಿನ ಎರಡೂ ಹರಿವುಗಳನ್ನು, ಯಾವ ಕಪ್ಪಿನೊಡನೆ ಹನಿಯ ಸರಾಸರಿ ಗಾತ್ರ ಎಷ್ಟೆಂಬುದನ್ನೂ ಬೇರೆ ಬೇರೆಯಾಗಿ ಕೊಟ್ಟಿರುತ್ತಾರೆ. ಕೊಟ್ಟಿಲ್ಲದ ಯಂತ್ರವನ್ನು ದಿನನಿತ್ಯದ ಚಿಕಿತ್ಸೆಗೆ ನಾನು ಸೂಚಿಸುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಕಪ್ಪಿಗೆ 3 ಮಿಲಿ ಲೀಟರ್ ನಾರ್ಮಲ್ ಸಲೈನ್ (ಶೇ. 0.9ರ ಉಪ್ಪುನೀರು) ಹಾಕಿ, ಗಡಿಯಾರ ನೋಡುತ್ತಾ ಯಂತ್ರ ಓಡಿಸಿ, ಕಪ್ ಪಟಪಟ ಸದ್ದು ಮಾಡಿ ಮಂಜು ಕಡಿದು ಕಡಿದು ಬರುವವರೆಗೆ ಎಷ್ಟು ಹೊತ್ತಾಯಿತೆಂದು ಬರೆದಿಡಬೇಕು. ಹತ್ತು ನಿಮಿಷದ ಆಸುಪಾಸಿನಲ್ಲಿ ಮುಗಿದರೆ ಯಂತ್ರವೂ ಕಪ್ಪೂ ಹೊಂದಿವೆ ಎಂದುಕೊಳ್ಳಬಹುದು. ಇಪ್ಪತ್ತು ನಿಮಿಷ ದಾಟಿದರೆ ಯಂತ್ರ ದುರ್ಬಲವಾಗಿದೆ, ಇಲ್ಲವೇ ಗಾಳಿಯ ಫಿಲ್ಟರ್ ಕಟ್ಟಿದೆ, ಇಲ್ಲವೇ ಕಪ್ಪಿನ ರಂಧ್ರ ಸವೆದಿದೆ ಅಥವಾ ಮುಚ್ಚಿದೆ. ಯಂತ್ರ ಹೊಸದಿರುವಾಗಲೇ ಈ ಅಳತೆ ತೆಗೆದು ಕೈಪಿಡಿಯ ಹಿಂಬದಿಯಲ್ಲಿ ಬರೆದಿಟ್ಟರೆ, ಮುಂದೆ ಸಮಯ ಹಿಗ್ಗುತ್ತಾ ಹೋದಾಗ ಕಾರಣ ಹುಡುಕಲು ಅದೇ ಆಧಾರ.

ಇನ್ನು ಯಾರೂ ಕೇಳದ, ಆದರೆ ಈ ಕಾಯಿಲೆಯವರು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಯಂತ್ರ ಎಡೆಬಿಡದೆ ಎಷ್ಟು ಹೊತ್ತು ಓಡಬಲ್ಲದು? ಮನೆಬಳಕೆಯ ಹಲವು ಯಂತ್ರಗಳ ಕೈಪಿಡಿಯಲ್ಲಿ ‘20 ನಿಮಿಷ ಓಡಿಸಿ, 40 ನಿಮಿಷ ನಿಲ್ಲಿಸಿ’ ಎಂಬಂಥ ನಿಬಂಧನೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಒಂದು ರೆಸ್ಪ್ಯೂಲ್ (ಒಂದು ಸಲದ ಔಷಧವಿರುವ ಪುಟ್ಟ ಪ್ಲಾಸ್ಟಿಕ್ ಕೊಳವೆ) ಎಳೆದು ಮುಗಿಸುವವರಿಗೆ ಇದು ತೊಂದರೆಯಲ್ಲ. ಮೂರು ಔಷಧಗಳನ್ನು ಒಂದರ ಹಿಂದೊಂದು ಎಳೆಯಬೇಕಾದವರು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು 40 ನಿಮಿಷ ಯಂತ್ರವನ್ನು ತಣಿಯಲು ಬಿಡುವುದಾದರೂ ಹೇಗೆ? ಬಿಡುವುದಿಲ್ಲ, ಹಾಗೇ ಓಡಿಸುತ್ತಾರೆ. ಮೋಟಾರು ಕಾದು, ಪಿಸ್ಟನ್ನಿನ ಉಂಗುರ ಸವೆದು, ಕೆಲವೇ ತಿಂಗಳಲ್ಲಿ ಹರಿವು ಕುಸಿಯುತ್ತದೆ. ಯಂತ್ರ ಸದ್ದು ಮಾಡುತ್ತಲೇ ಇರುವುದರಿಂದ ಮನೆಯವರಿಗೆ ಅದು ತಿಳಿಯುವುದೂ ಇಲ್ಲ. ನಿರಂತರ ಬಳಕೆಗೆ ಯೋಗ್ಯವೆಂದು ತಯಾರಕರೇ ನಮೂದಿಸಿರುವ ಯಂತ್ರ ಸಾಧಾರಣ ಯಂತ್ರಕ್ಕಿಂತ ದುಬಾರಿ, ತೂಕವೂ ಹೆಚ್ಚು. ಆದರೂ ಹಣ ಹೆಚ್ಚಿಗೆ ಖರ್ಚು ಮಾಡುವುದಿದ್ದರೆ ಇದೊಂದಕ್ಕೆ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಕರಡಿ, ರೈಲುಬಂಡಿಯ ಆಕಾರದ ಹೊದಿಕೆ, ಅಂಕೆ ತೋರಿಸುವ ಪರದೆ ಇವೆಲ್ಲಕ್ಕೆ ಕೊಡುವ ಹಣ ಎದೆಯೊಳಗೆ ಹೋಗುವುದಿಲ್ಲ.

ಕಪ್ಪಿನ ವಿಚಾರಕ್ಕೆ ಬರೋಣ. ಕಂಪ್ರೆಸರ್ ಮತ್ತು ಕಪ್ ಒಂದೇ ಸಾಧನದ ಎರಡು ಭಾಗಗಳೆಂದು ಎಣಿಸಬೇಕು. ಒಂದರ ಕಪ್ಪನ್ನು ಇನ್ನೊಂದಕ್ಕೆ ಸಿಕ್ಕಿಸಿದರೆ ಪೈಪು ಕೂತೀತು, ಹನಿಯ ಗಾತ್ರ ಬದಲಾದೀತು. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಅಂಟು ಕಫ ಕಟ್ಟುವ ಆನುವಂಶಿಕ ಕಾಯಿಲೆ) ರೋಗಿಗಳಿಗಾಗಿ ನೆಬ್ಯುಲೈಸರ್ ಮೂಲಕ ಎಳೆಯುವ ಪ್ರತಿಜೀವಕ ಟೋಬ್ರಾಮೈಸಿನ್‌ಗೆ ಅನುಮತಿ ದೊರೆತಾಗ, ಔಷಧದ ಪ್ರಮಾಣದ ಜೊತೆಗೆ ಯಾವ ಕಪ್ಪಿನಲ್ಲಿ, ಯಾವ ಕಂಪ್ರೆಸರ್‌ನಿಂದ ಎಳೆಯಬೇಕು ಎಂಬುದನ್ನೂ ಹೆಸರಿಸಿ ಬರೆಯಲಾಗಿತ್ತು: ಪಾರಿ ಎಲ್‌ಸಿ ಪ್ಲಸ್ ಕಪ್, ಡೆವಿಲ್‌ಬಿಸ್ ಪಲ್ಮೋ-ಏಡ್ ಕಂಪ್ರೆಸರ್. ನಮ್ಮಲ್ಲಿ ಔಷಧದ ಚೀಟಿಯಲ್ಲಿ ಯಂತ್ರದ ಹೆಸರು ಬರೆಯುವ ರೂಢಿ ಇಲ್ಲ. ಬರೆಸಿಕೊಳ್ಳುವುದು ರೋಗಿಯ ಹಕ್ಕು.

ಪ್ರತಿ ಕಪ್ಪಿನಲ್ಲೂ ಕೊನೆಗೆ ಮಂಜಾಗದೆ ಉಳಿಯುವ ದ್ರವ ಸುಮಾರು 1 ಮಿಲಿ ಲೀಟರ್ ಇರುತ್ತದೆ. 2.5 ಮಿಲಿ ಲೀಟರ್ ರೆಸ್ಪ್ಯೂಲ್ ಮಾತ್ರ ಹಾಕಿದರೆ ಔಷಧದ ದೊಡ್ಡ ಪಾಲು ಅಲ್ಲೇ ಉಳಿಯುತ್ತದೆ. ವೈದ್ಯರು ಒಪ್ಪಿದರೆ ನಾರ್ಮಲ್ ಸಲೈನ್ ಸೇರಿಸಿ 4 ಮಿಲಿ ಲೀಟರಿಗೆ ತರುವುದು ಇದಕ್ಕಾಗಿಯೇ. ನಲ್ಲಿನೀರು, ಕುದಿಸಿ ಆರಿಸಿದ ನೀರು, ಡಿಸ್ಟಿಲ್ಡ್ ವಾಟರ್ ಯಾವುದನ್ನೂ ಸೇರಿಸಬಾರದು. ಉಪ್ಪಿಲ್ಲದ ನೀರಿನ ಮಂಜು ಶ್ವಾಸನಾಳವನ್ನು ಬಿಗಿಸುತ್ತದೆ. ಗಾಢ ಉಪ್ಪುನೀರೂ ಕೆಲವರಲ್ಲಿ ಹಾಗೆ ಮಾಡುವುದರಿಂದ ಅದರ ಮೊದಲ ಸರದಿ ಆಸ್ಪತ್ರೆಯಲ್ಲೇ ನಡೆಯಬೇಕು.

ಅಂಗೈಯಲ್ಲಿ ಹಿಡಿಯುವ, ಸದ್ದಿಲ್ಲದ ಮೆಶ್ ಯಂತ್ರಗಳ ಬಗ್ಗೆ ನೀವು ಖಂಡಿತ ಕೇಳುತ್ತೀರಿ. ಪ್ರಯಾಣಕ್ಕೆ ಅವು ತುಂಬ ಅನುಕೂಲ, ಬೇಗ ಮುಗಿಸುತ್ತವೆ, ಕೊನೆಗೆ ಒಳಗೆ ಉಳಿದುಹೋಗುವ ಔಷಧವೂ ಕಡಿಮೆ. ಆದರೆ ಸಾವಿರಾರು ಸೂಕ್ಷ್ಮ ರಂಧ್ರಗಳ ಅವುಗಳ ಜಾಲರಿ, ಉಪ್ಪಿನ ಹರಳು ಕಟ್ಟಿದರೆ, ಮಂದ ಔಷಧ ಒಣಗಿದರೆ ಮುಚ್ಚಿಕೊಳ್ಳುತ್ತದೆ. ಜಾಲರಿ ಬದಲಿಸುವ ಬೆಲೆ ಕೆಲವೊಮ್ಮೆ ಒಂದು ಸಾಧಾರಣ ಕಂಪ್ರೆಸರಿನ ಬೆಲೆಯಷ್ಟಾಗುತ್ತದೆ. ಕಿವಿಗೆ ಕೇಳದಷ್ಟು ವೇಗದ ಕಂಪನದಿಂದ ಮಂಜು ಮಾಡುವ ಅಲ್ಟ್ರಾಸಾನಿಕ್ ಯಂತ್ರಗಳಂತೂ ಬ್ಯುಡೆಸೊನೈಡ್‌ನಂಥ, ನೀರಿನಲ್ಲಿ ಕರಗದೆ ತೇಲುವ ಔಷಧಕ್ಕೆ ಸಲ್ಲವು. ಕೊಲಿಸ್ಟಿನ್ ಎಂಬ ಪ್ರತಿಜೀವಕ ಕಪ್ಪಿನಲ್ಲಿ ನೊರೆಗಟ್ಟಿ ನಿಧಾನವಾಗಿ ಇಳಿಯುತ್ತದೆ. ಅದನ್ನು ಕಲಸಿದ ಕೂಡಲೇ ಬಳಸಬೇಕು, ಮಿಕ್ಕದ್ದನ್ನು ಸಂಜೆಗೆಂದು ಎತ್ತಿಡಬಾರದು.

ಮುಖವಾಡಕ್ಕಿಂತ ಮೌತ್‌ಪೀಸ್ ಮೇಲು. ಮೂಗು ಔಷಧವನ್ನು ಸೋಸಿಬಿಡುತ್ತದೆ. ಮುಖವಾಡದ ಸಂದಿಯಿಂದ ಹೊರಬಂದ ಐಪ್ರಾಟ್ರೋಪಿಯಂ (ಶ್ವಾಸನಾಳ ಅಗಲಿಸುವ ಇನ್ನೊಂದು ಔಷಧ) ಕಣ್ಣಿಗೆ ತಾಗಿದರೆ ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡದ ಕಾಯಿಲೆ ಇರುವವರಿಗೆ ಅಪಾಯ.

ವಿದ್ಯುತ್ತಿನ ಮಾತು ನಮ್ಮ ರಾಜ್ಯದಲ್ಲಿ ಸಣ್ಣದಲ್ಲ. ಹಳ್ಳಿಗಳಲ್ಲಿ ವೋಲ್ಟೇಜ್ ಕುಸಿಯುವ ಹೊತ್ತಿನಲ್ಲಿ ಮೋಟಾರಿನ ಬಲವೂ ಕುಸಿಯುತ್ತದೆ. ಮೇಲೆ ಹೇಳಿದ ಗಡಿಯಾರದ ಪರೀಕ್ಷೆಯನ್ನು ನೀವು ನಿಜವಾಗಿ ಯಂತ್ರ ಬಳಸುವ ಹೊತ್ತಿನಲ್ಲೇ ಮಾಡುವುದು ಒಳ್ಳೆಯದು. ವಿದೇಶದಲ್ಲಿರುವ ಮಕ್ಕಳು ಅಪ್ಪ ಅಮ್ಮನಿಗಾಗಿ ಅಮೆರಿಕದಿಂದ ತರುವ ಯಂತ್ರಗಳ ಕಥೆ ಇನ್ನೊಂದು. ಅವು 120 ವೋಲ್ಟ್, 60 ಹರ್ಟ್ಜ್‌ಗೆ ಕಟ್ಟಿದವು. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಜ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಆವರ್ತನವನ್ನು ಬದಲಿಸುವುದಿಲ್ಲ. ಆವರ್ತನವನ್ನು ಅನುಸರಿಸಿ ತಿರುಗುವ ಮೋಟಾರು ಇಲ್ಲಿ ನಿಧಾನವಾಗಿ ತಿರುಗಿ ಗಾಳಿಯನ್ನೂ ಕಡಿಮೆ ಕೊಡುತ್ತದೆ, ಬೇಗ ಕಾಯುತ್ತದೆ. ಪ್ರೀತಿಯಿಂದ ತಂದದ್ದನ್ನು ಬೇಡವೆನ್ನುವುದು ಕಷ್ಟ. ಮಕ್ಕಳು ಇಲ್ಲಿಯ ಯಂತ್ರಕ್ಕೆ ಹಣ ಕಳಿಸಿದರೆ ಸಾಕೆಂದು ಮೊದಲೇ ಹೇಳಬಹುದು.

ಶುಚಿತ್ವದ ವಿಷಯದಲ್ಲಿ ರಿಯಾಯಿತಿ ಇಲ್ಲ. ಬ್ರಾಂಕಿಯೆಕ್ಟೇಸಿಸ್‌ನವರನ್ನು ಕಾಡುವ ಸ್ಯೂಡೊಮೊನಾಸ್ ತೇವದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ, ಒದ್ದೆ ಕಪ್ ಅದಕ್ಕೆ ಹೇಳಿಮಾಡಿಸಿದ ಜಾಗ. ಪ್ರತಿ ಬಳಕೆಯ ನಂತರ ಕಪ್ಪನ್ನು ಬಿಡಿಸಿ ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು, ದಿನಕ್ಕೊಮ್ಮೆ ಕುದಿಯುವ ನೀರಿನಲ್ಲಿ 5 ನಿಮಿಷ ಇಟ್ಟು, ಒರೆಸದೆ ಗಾಳಿಗೆ ಒಣಗಿಸಬೇಕು. ವಿನೆಗರ್ ಸಾಲದು. ಇಲ್ಲೂ ಕೊಳ್ಳುವಾಗಲೇ ಕೇಳಬೇಕಾದದ್ದಿದೆ: ಈ ಕಪ್ಪನ್ನು ಕುದಿಸಬಹುದೇ? ಯಂತ್ರದ ಜೊತೆ ಉಚಿತವಾಗಿ ಬರುವ ತೆಳು ಪ್ಲಾಸ್ಟಿಕ್ ಕಪ್ಪುಗಳು ಕುದಿಸಿದರೆ ಸೊಟ್ಟಗಾಗುತ್ತವೆ. ಪೈಪನ್ನು ತೊಳೆಯಬಾರದು, ಕಪ್ ತೆಗೆದು ಒಂದೆರಡು ನಿಮಿಷ ಗಾಳಿ ಹಾಯಿಸಿದರೆ ಒಳಗಿನ ತೇವ ಆರುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಈ ಒಂದು ಕೆಲಸ ತಪ್ಪಿದರೂ ಪೈಪಿನೊಳಗೆ ಕಪ್ಪು ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಫಿಲ್ಟರ್ ಬಣ್ಣಗೆಟ್ಟರೆ ತೊಳೆದು ಮತ್ತೆ ಹಾಕದೆ ಬದಲಿಸಬೇಕು. ಸೌದೆ ಒಲೆಯಿರುವ ಅಡುಗೆಮನೆಯಲ್ಲಿ ಯಂತ್ರ ಇಡಲೇಬಾರದು, ಅದು ಒತ್ತಿ ಕೊಡುವುದು ಸುತ್ತಲಿನ ಗಾಳಿಯನ್ನೇ.

ಬೆಲೆಯ ಬಗ್ಗೆ ಸ್ವಲ್ಪ. 2021ರ ಜನವರಿ 1ರಿಂದ ನೆಬ್ಯುಲೈಸರ್ ಕೇಂದ್ರದ ಔಷಧ ನಿಯಂತ್ರಣ ವ್ಯವಸ್ಥೆಯ ಕೆಳಗೆ ಬಂದಿದೆ, ಆದ್ದರಿಂದ ಡಬ್ಬಿಯ ಮೇಲೆ ತಯಾರಿಕೆಯ ಅಥವಾ ಆಮದಿನ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡಿ. ಅದೇ ವರ್ಷದ ಜುಲೈನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ನೆಬ್ಯುಲೈಸರ್ ಸೇರಿದಂತೆ ಐದು ಸಾಧನಗಳ ವ್ಯಾಪಾರಿ ಲಾಭಾಂಶಕ್ಕೆ ತಾತ್ಕಾಲಿಕವಾಗಿ ಶೇ. 70ರ ಮಿತಿ ಹಾಕಿತ್ತು. ಒಂದೇ ಯಂತ್ರದ ಬೆಲೆ ಅಂಗಡಿಯಿಂದ ಅಂಗಡಿಗೆ ಬಹಳ ಬದಲಾಗುವುದನ್ನು ಕಾಣುತ್ತೇವೆ. ನಾನು ಬೆಲೆಗಿಂತ ಹೆಚ್ಚು ಒತ್ತುಕೊಡುವುದು ಬಿಡಿಭಾಗಕ್ಕೆ: ಅದೇ ಕಪ್, ಅದೇ ಫಿಲ್ಟರ್ ನಿಮ್ಮ ಊರಿನಲ್ಲಿ, ಅದು ರಾಯಚೂರಾಗಲಿ ಶಿರಸಿಯಾಗಲಿ, ಮುಂದಿನ ವರ್ಷವೂ ಸಿಗಬೇಕು. ವಾರಂಟಿ ಸಾಮಾನ್ಯವಾಗಿ ಮೋಟಾರಿಗೆ ಇರುತ್ತದೆಯೇ ಹೊರತು ಕಪ್ಪಿಗಲ್ಲ.

ಕೊನೆಯದಾಗಿ, ಕರೆಂಟ್ ಹೋದಾಗ ಮನೆಯಲ್ಲಿರುವ ಆಮ್ಲಜನಕದ ಸಿಲಿಂಡರಿಗೇ ಕಪ್ ಸಿಕ್ಕಿಸಿಬಿಡುವ ಅಭ್ಯಾಸದ ಕುರಿತು. ಧೂಮಪಾನದಿಂದಲೋ ಒಲೆಯ ಹೊಗೆಯಿಂದಲೋ ಸಿಒಪಿಡಿಯೂ (ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗುವ ಕಾಯಿಲೆ) ಸೇರಿಕೊಂಡವರಲ್ಲಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವ ಪ್ರವೃತ್ತಿ ಇದ್ದರೆ, ನಿಮಿಷಕ್ಕೆ 6ರಿಂದ 8 ಲೀಟರ್ ಆಮ್ಲಜನಕ ಮಂಪರು ಬರಿಸಿ ಪ್ರಾಣಕ್ಕೇ ಕುತ್ತು ತರಬಲ್ಲದು. ಅವರ ಕಪ್ಪಿಗೆ ಕಂಪ್ರೆಸರಿನ ಗಾಳಿಯೇ ಬೇಕು. ಮನೆಗಳಲ್ಲಿರುವ ಸಾಧಾರಣ ಇನ್ವರ್ಟರ್ ಒಂದು ಕಂಪ್ರೆಸರನ್ನು ಸುಲಭವಾಗಿ ಓಡಿಸುತ್ತದೆ. ನಯವಾದ ಅಲೆಯ ವಿದ್ಯುತ್ ಕೊಡುವ ಸೈನ್ ವೇವ್ ಮಾದರಿಯಾದರೆ ಮೋಟಾರಿಗೆ ಹಿತ. ಇನ್ವರ್ಟರ್ ಇಲ್ಲದ ಮನೆಯಲ್ಲಿ ಒಂದು ಸಾಲ್ಬ್ಯುಟಮಾಲ್ ಇನ್‌ಹೇಲರನ್ನೂ ಸ್ಪೇಸರನ್ನೂ ಯಂತ್ರದ ಪಕ್ಕದಲ್ಲೇ ಇಟ್ಟು, ಅದರ ಅವಧಿ ಮುಗಿಯುವ ತಿಂಗಳನ್ನು ಯಂತ್ರದ ಮೇಲೆ ಚೀಟಿ ಅಂಟಿಸಿ ಬರೆದಿಡಿ. ನಿಮ್ಮ ಪ್ರಶ್ನೆಗಳನ್ನು ಈಗ ಕೇಳಬಹುದು. ಯಂತ್ರ ತಂದವರು ಕಪ್ಪಿನೊಡನೆ ಮುಂದೆ ಬಂದರೆ ಸಮಯದ ಪರೀಕ್ಷೆಯನ್ನು ಇಲ್ಲೇ ಮಾಡಿ ನೋಡೋಣ.