ಮಡ್ಡಿ ಖಾಲಿ ಇಲ್ಲ

ಕೇಳುಗರಿಗೆ ನಮಸ್ಕಾರ.

ಸವನ್ನಾ, ಅಂದರೆ ಅಲ್ಲಲ್ಲಿ ಮರವಿರುವ ಹುಲ್ಲು ಬಯಲು, ಅಂದ ಕೂಡಲೇ ನಮಗೆ ಆಫ್ರಿಕಾ ನೆನಪಾಗುತ್ತದೆ. ಸೆರೆಂಗೆಟಿ, ಸಿಂಹ, ಜಿರಾಫೆ. ಆದರೆ ನಮ್ಮ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ಮಡ್ಡಿಯೂ ಸವನ್ನಾನೇ. ನಾಲ್ಕು ತಿಂಗಳು ಮಳೆ, ಎಂಟು ತಿಂಗಳು ಒಣ ಹವೆ. ಮೇಲೆ ತೆಳ್ಳಗೆ ಮಣ್ಣು, ಕೆಳಗೆ ಬರೀ ಮುರುಮು. ಇಂಥ ನೆಲದಲ್ಲಿ ಹುಲ್ಲಿನದೇ ರಾಜ್ಯ. ಮರ ಅಂದರೆ ಅಲ್ಲೊಂದು ಇಲ್ಲೊಂದು ಜಾಲಿ, ಬಾರಿ. ಕಾಗದಪತ್ರದಲ್ಲಿ ಮಾತ್ರ ಇದು ‘ಪಾಳು ಭೂಮಿ’.

ಮಡ್ಡಿಯಲ್ಲಿ ಅಡ್ಡಾಡಿ ಬಂದರೆ ದೋತರಕ್ಕೆ, ಸೀರೆ ಅಂಚಿಗೆ ಮುಳ್ಳಿನಂತೆ ಚುಚ್ಚಿಕೊಳ್ಳುವ ಹುಲ್ಲಿನ ಬೀಜ ಇದೆಯಲ್ಲ, ಅದನ್ನು ಬೈಯುತ್ತಾ ಕಿತ್ತು ಬಿಸಾಕುತ್ತೇವೆ. ಮುಂದಿನ ಸಲ ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು ಒಂದು ಹನಿ ನೀರು ಹಾಕಿ ನೋಡಿ. ಅದರ ಕಪ್ಪು ಊಬು ಒಣಗಿದಾಗ ಹುರಿ ಹಾಕಿಕೊಂಡಿರುತ್ತದೆ. ತೇವ ತಾಗಿದರೆ ಹುರಿ ಬಿಚ್ಚುತ್ತಾ ಗಿರ್ರನೆ ತಿರುಗುತ್ತದೆ. ಮಳೆ ಬಿದ್ದಾಗ ಹೀಗೆ ತಿರುಗಿ ತಿರುಗಿಯೇ ಬೀಜ ನೆಲಕ್ಕೆ ಇಳಿಯುವುದು. ಬಿತ್ತುವವರು ಯಾರೂ ಬೇಕಿಲ್ಲ!

ಈ ಹುಲ್ಲನ್ನು ನಂಬಿಕೊಂಡಿರುವುದು ಚಿಗರಿ, ಅಂದರೆ ಕೃಷ್ಣಮೃಗ. ಗಂಡು ಮೇಲೆ ಕಪ್ಪು, ಹೊಟ್ಟೆ ಬಿಳಿ, ಸುರುಳಿ ಕೊಂಬು. ಒಂದಿಷ್ಟು ಜಾಗವನ್ನು ತನ್ನದೆಂದು ಹಿಡಿದುಕೊಂಡು, ದಿನಾ ಅದೇ ಜಾಗದಲ್ಲಿ ಹಿಕ್ಕೆ ಹಾಕಿ ಗುಡ್ಡೆ ಮಾಡುತ್ತದೆ. ಬೇರೆ ಗಂಡುಗಳಿಗೆ ಅದೇ ಗಡಿಕಲ್ಲು. ಹೆಣ್ಣು ಚಿಗರಿ ಹುಟ್ಟಿದ ಮರಿಯನ್ನು ಹುಲ್ಲಿನಲ್ಲಿ ಮಲಗಿಸಿ ಮೇಯಲು ಹೋಗುತ್ತದೆ. ಮರಿ ಮಿಸುಕುವುದಿಲ್ಲ. ಕುರಿ ಕಾಯುವ ಹುಡುಗರು ‘ಪಾಪ, ತಾಯಿ ಬಿಟ್ಟು ಹೋಗಿದೆ’ ಅಂತ ಮನೆಗೆ ಎತ್ತಿಕೊಂಡು ಬರುವುದುಂಟು. ದಯವಿಟ್ಟು ಬೇಡ. ತಾಯಿ ಹಾಲೂಡಿಸಲು ಬಂದೇ ಬರುತ್ತದೆ.

ಚಿಗರಿಗೆ ಕಣ್ಣು ಮತ್ತು ಕಾಲೇ ಆಸರೆ. ಗಂಟೆಗೆ 80 ಕಿಲೋಮೀಟರಿನ ತನಕ ಓಡಬಲ್ಲದು. ಅದನ್ನು ಬೆನ್ನಟ್ಟಿ ಹಿಡಿಯುತ್ತಿದ್ದ ಚೀತಾ ನಮ್ಮ ದೇಶದಿಂದಲೇ ಅಳಿದುಹೋಯಿತು ಎಂದು 1952ರಲ್ಲಿ ಘೋಷಿಸಿದರು. 2022ರಲ್ಲಿ ನಮೀಬಿಯಾದಿಂದ 8 ಚೀತಾ ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟರು, ಸುದ್ದಿ ಕೇಳಿದ್ದೀರಿ. ನಮ್ಮ ಮಡ್ಡಿಯಲ್ಲಿ ಈಗ ಚಿಗರಿಯ ಬೆನ್ನು ಹತ್ತುವುದು ತೋಳ.

ಇನ್ನು ಮಾಳಢೋಕ ಹಕ್ಕಿ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ನಿಂತರೆ ಒಂದು ಮೀಟರ್ ಎತ್ತರ, ಗಂಡು 15 ಕಿಲೋವರೆಗೂ ತೂಗುತ್ತದೆ. ಹಾರುವ ಹಕ್ಕಿಗಳಲ್ಲಿ ಇಷ್ಟು ಭಾರದವು ಬಹಳ ಕಡಿಮೆ. ಇದರ ಸಲುವಾಗಿಯೇ 1979ರಲ್ಲಿ ನಾನ್ನಜ ಅಭಯಾರಣ್ಯ ಆಯಿತು. ಸೊಲ್ಲಾಪುರದಿಂದ ಬಾರ್ಶಿ ರಸ್ತೆ ಹಿಡಿದರೆ ಹತ್ತಿರವೇ. ಆದರೂ ಹಕ್ಕಿ ಉಳಿಯಲಿಲ್ಲ ಅನ್ನುವಷ್ಟು ಕಡಿಮೆಯಾಯಿತು. ಬಯಲಲ್ಲಿ ನೆಲದ ಮೇಲೇ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ನಾಯಿಯೋ ನರಿಯೋ ತಿಂದರೆ ಆ ಸಲದ್ದು ಮುಗಿಯಿತು. ಎದುರಿಗಿನದು ಈ ಹಕ್ಕಿಗೆ ಸರಿಯಾಗಿ ಕಾಣುವುದಿಲ್ಲ. ಹಾರುವಾಗ ಕರೆಂಟಿನ ತಂತಿ ಬಂದರೆ ತಟ್ಟನೆ ತಪ್ಪಿಸಿಕೊಳ್ಳಲು ಮೈಭಾರ ಬಿಡುವುದಿಲ್ಲ. ದೇಶದಲ್ಲೆಲ್ಲಾ ಸೇರಿ 200ಕ್ಕಿಂತ ಕಡಿಮೆ ಉಳಿದಿವೆ, ಅವೂ ಹೆಚ್ಚಾಗಿ ರಾಜಸ್ಥಾನದಲ್ಲಿ.

ಒಂದು ಮಾತು ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ಜೂನ್ ಬಂತೆಂದರೆ ಸಸಿ ಹಿಡಿದು ಮಡ್ಡಿಗೆ ಹೊರಡುತ್ತೇವೆ. ಊರೊಳಗೆ, ಹೊಲದ ಬದುವಿಗೆ ನೆಡಿ, ಬೇಡ ಅನ್ನುವುದಿಲ್ಲ. ಮಡ್ಡಿಯಲ್ಲಿ ಗ್ಲಿರಿಸಿಡಿಯಾ, ನೀಲಗಿರಿ ಒತ್ತೊತ್ತಾಗಿ ಎದ್ದರೆ ನೆರಳಿಗೆ ಹುಲ್ಲು ಸಾಯುತ್ತದೆ. ಮರಗಳ ಮರೆಯಲ್ಲಿ ಬರುವ ತೋಳ ಚಿಗರಿಗೆ ಕಾಣುವುದಿಲ್ಲ. ಮಾಳಢೋಕವಂತೂ ಅಂಥ ಕಡೆ ಕಾಲೇ ಇಡುವುದಿಲ್ಲ. ಫೋಟೋದಲ್ಲಿ ಹಸಿರು ಚೆಂದ ಕಾಣುತ್ತದೆ, ಅಷ್ಟೇ.

ಕುರುಬ ಬಂಧುಗಳು ಕೇಳಬಹುದು: ತೋಳ ಕುರಿ ಒಯ್ದರೆ ನಮ್ಮ ಗತಿ ಏನು? ನ್ಯಾಯವಾದ ಪ್ರಶ್ನೆಯೇ. ಮಹಾರಾಷ್ಟ್ರದಲ್ಲಿ ತೋಳ ಕೊಂದ ಕುರಿ, ಮೇಕೆಗೂ ಪರಿಹಾರ ಉಂಟು. ಸತ್ತ ಕುರಿಯನ್ನು ಜಾಗದಿಂದ ಎಳೆಯಬೇಡಿ, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ತಡಮಾಡದೆ ಅರಣ್ಯ ಇಲಾಖೆಗೆ ತಿಳಿಸಿ ಪಂಚನಾಮೆ ಮಾಡಿಸಿ. ವಿಷ ಮಾತ್ರ ಇಡಬೇಡಿ. ಅದನ್ನು ತಿಂದು ಮೊದಲು ಸಾಯುವುದು ನಿಮ್ಮ ಹಟ್ಟಿಯ ನಾಯಿಯೇ.