ಒಣಪುಡಿಗೆ ಹೆಸರು ಹುಡುಕುವ ಬಗೆ

ಮಳೆಗಾಲದಲ್ಲಿ ಧಾರವಾಡದ ಸುತ್ತಲಿನ ಯಾವ ಹೊಲದ ಬದುವಿಗೆ ಹೋದರೂ ನೆಲನೆಲ್ಲಿ ಕಾಲಿಗೆ ತಾಗುತ್ತದೆ. ಆ ಒಂದು ಹೆಸರಿನಡಿ ಹಲವು ಪ್ರಭೇದಗಳಿವೆ: ಫಿಲಾಂಥಸ್ ಅಮಾರಸ್, ಡೆಬಿಲಿಸ್, ಫ್ರಾಟರ್ನಸ್, ಮದರಾಸ್‌ಪಟೆನ್ಸಿಸ್. ಹೂಬಿಟ್ಟ ಹಸಿ ಗಿಡ ಕೈಯಲ್ಲಿದ್ದರೆ ಭೂತಗನ್ನಡಿ ಸಾಕು. ಅಮಾರಸ್‌ಗೆ ಪುಷ್ಪಪತ್ರ, ಅಂದರೆ ಹೂವಿನ ಎಸಳು, ಐದು, ಫ್ರಾಟರ್ನಸ್‌ಗೆ ಆರು. ಭೂತಗನ್ನಡಿಯಲ್ಲಿ ಮುಗಿಯುವ ಕೆಲಸಕ್ಕೆ ಸೀಕ್ವೆನ್ಸಿಂಗ್, ಅಂದರೆ ಡಿಎನ್‌ಎಯ ಅಕ್ಷರಸಾಲು ಓದಿಸುವ ಖರ್ಚು ದಂಡ. ಆದರೆ ಗಿಡ ಒಣಗಿ, ಪುಡಿಯಾಗಿ, ಔಷಧಿ ಅಂಗಡಿಯ ಚೀಲ ಸೇರಿದ ಮೇಲೆ ಎಣಿಸಲು ಏನೂ ಉಳಿಯುವುದಿಲ್ಲ. ಡಿಎನ್‌ಎ ಕೆಲಸಕ್ಕೆ ಬರುವುದು ಅಲ್ಲಿ.

ಪ್ರಾಣಿಗಳ ವಿಷಯ ಸಲೀಸು. 2003ರಲ್ಲಿ ಕೆನಡಾದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು ಮೈಟೊಕಾಂಡ್ರಿಯಾದ ಸಿಒಐ ಎಂಬ ಜೀನಿನ ಸುಮಾರು 650 ಅಕ್ಷರಗಳನ್ನು ಬಾರ್‌ಕೋಡ್, ಅಂದರೆ ಪ್ರಭೇದ ಗುರುತಿಸುವ ಚಿಕ್ಕ ಡಿಎನ್‌ಎ ತುಣುಕು, ಎಂದು ಮುಂದಿಟ್ಟರು. ಸಸ್ಯಗಳಲ್ಲಿ ಆ ಜೀನು ಬದಲಾಗುವುದೇ ಬಲು ನಿಧಾನ. ಹಾಗಾಗಿ 2009ರಲ್ಲಿ ಎಲೆಯ ಹಸಿರು ಕಣವಾದ ಕ್ಲೋರೊಪ್ಲಾಸ್ಟಿನ ಆರ್‌ಬಿಸಿಎಲ್ ಮತ್ತು ಮ್ಯಾಟ್‌ಕೆ ಎಂಬ ಜೀನುಗಳ ಜೋಡಿಯನ್ನು ಆರಿಸಲಾಯಿತು. ಅವು ಪ್ರಭೇದದ ಮಟ್ಟದಲ್ಲಿ ಬೇರ್ಪಡಿಸಿದ್ದು ಸುಮಾರು ಶೇ. 72. ನಮ್ಮ ತಂಟೆಯೆಲ್ಲ ಉಳಿದ 28ರಲ್ಲೇ, ಅಂದರೆ ಅಕ್ಕ-ತಂಗಿಯಂಥ ಪ್ರಭೇದಗಳಲ್ಲೇ ಇರುವುದು.

ಕೆಲಸ ಕೆಡುವುದು ಹೆಚ್ಚಾಗಿ ಲ್ಯಾಬಿನಲ್ಲಲ್ಲ, ಹೊಲದಲ್ಲಿ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಎಲೆ ಕಿತ್ತು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಅದು ಬೆವೆತು ಕೊಳೆಯುತ್ತದೆ, ಡಿಎನ್‌ಎ ಚೂರುಚೂರಾಗುತ್ತದೆ. ಎಳೆಯ ಎಲೆ ಕಿತ್ತು, ನೀರು ಒರೆಸಿ, ತೂಕದ ಹತ್ತು ಪಟ್ಟು ಸಿಲಿಕಾ ಜೆಲ್‌ನಲ್ಲಿ ಹೂತಿಡಿ. ಒಂದು ದಿನದೊಳಗೆ ಮುರಿದರೆ ಪಟ್ ಎನ್ನುವಂತೆ ಒಣಗಬೇಕು. ಅದೇ ಗಿಡದ ಹೂವು-ಕಾಯಿ ಇರುವ ಟೊಂಗೆಯನ್ನು ಒತ್ತಿ ಹರ್ಬೇರಿಯಂ (ಒಣಗಿಡಗಳ ಸಂಗ್ರಹ) ಹಾಳೆಗೆ ಅಂಟಿಸಿ, ಎರಡಕ್ಕೂ ಒಂದೇ ನಂಬರು ಕೊಡಿ. ಹಾಳೆ ಇಲ್ಲದ ಸೀಕ್ವೆನ್ಸ್ ವಾರಸುದಾರರಿಲ್ಲದ ಆಸ್ತಿ. ಮುಂದೆ ತಕರಾರು ಬಂದರೆ ತೋರಿಸಲು ಏನೂ ಇರುವುದಿಲ್ಲ.

ಒಣ ಎಲೆ 20 ಮಿಲಿಗ್ರಾಂ ಸಾಕು. ಹೆಚ್ಚು ಹಾಕಿದರೆ ಹೆಚ್ಚು ಡಿಎನ್‌ಎ ಬರುತ್ತದೆಂದು ಹುಡುಗರು ತುರುಕುತ್ತಾರೆ, ಬರುವುದು ಲೋಳೆ. ಜೀವಕೋಶ ಒಡೆಯುವ ಸಾಬೂನಿನಂಥ ಸಿಟಿಎಬಿಯ ಶೇ. 2ರ ದ್ರಾವಣ, ಅದರಲ್ಲಿ 1.4 ಮೋಲಾರ್ ಉಪ್ಪು, 65 ಡಿಗ್ರಿಯಲ್ಲಿ ಅರ್ಧ-ಮುಕ್ಕಾಲು ತಾಸು. ಆಮೇಲೆ ಕ್ಲೋರೊಫಾರ್ಮ್ ಮತ್ತು ಐಸೊಅಮೈಲ್ ಆಲ್ಕೊಹಾಲ್ 24ಕ್ಕೆ 1ರಂತೆ ಬೆರೆಸಿ ಅಲುಗಾಡಿಸಿ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಬೇಕು, ಮೇಲಿನ ಪದರವನ್ನಷ್ಟೇ ತೆಗೆಯಬೇಕು. ಐಸೊಪ್ರೊಪನಾಲ್ ಹಾಕಿ ಕೂರಿಸಿದಾಗ ನೆಲನೆಲ್ಲಿಯ ಡಿಎನ್‌ಎ ಚಹಾದ ಚರಟದಂತೆ ಕಂದಾಗಿ ಬಂದರೆ ಟ್ಯಾನಿನ್ ಎಂಬ ಒಗರು ವಸ್ತು ಅಂಟಿಕೊಂಡಿದೆಯೆಂದೇ ಅರ್ಥ. ಅದು ಪಿಸಿಆರ್‌ನ, ಅಂದರೆ ಬೇಕಾದ ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ಕ್ರಿಯೆಯ, ಕಿಣ್ವದ ಕತ್ತು ಹಿಸುಕುತ್ತದೆ. ದ್ರಾವಣಕ್ಕೆ ಮೊದಲೇ ಟ್ಯಾನಿನ್ ಹಿಡಿದುಕೊಳ್ಳುವ ಪಿವಿಪಿ ಶೇ. 1ರಿಂದ 2, ಜೊತೆಗೆ ಬೀಟಾ ಮರ್ಕ್ಯಾಪ್ಟೊಎಥನಾಲ್ ಸೇರಿಸಿದರೆ ಈ ಕಂದು ಬಹುಪಾಲು ತಪ್ಪುತ್ತದೆ. ಆಮೇಲೂ ಪಿಸಿಆರ್ ಫಲಿಸಿದ್ದನ್ನು ಜೆಲ್‌ನಲ್ಲಿ ತೋರಿಸುವ ಪಟ್ಟಿ, ಅಂದರೆ ಬ್ಯಾಂಡ್, ಬರದಿದ್ದರೆ ಡಿಎನ್‌ಎ ಹೆಚ್ಚಿಸಬೇಡಿ, ಹತ್ತು ಪಟ್ಟು ತೆಳು ಮಾಡಿ. ತಡೆಯುವ ವಸ್ತುವೂ ತೆಳುವಾಗಿ ಬ್ಯಾಂಡ್ ಮೂಡುವುದುಂಟು.

ಇನ್ನು ಯಾವ ತುಣುಕು ಓದಬೇಕು? ನೆಲನೆಲ್ಲಿಯಂಥ ಗುಂಪಿಗೆ ಕ್ಲೋರೊಪ್ಲಾಸ್ಟಿನ ಟಿಆರ್‌ಎನ್‌ಎಚ್ ಮತ್ತು ಪಿಎಸ್‌ಬಿಎ ಜೀನುಗಳ ನಡುವಿನ ಅಂತರ, ಜೊತೆಗೆ ನ್ಯೂಕ್ಲಿಯಸ್ಸಿನ ಐಟಿಎಸ್ ಎಂಬ ತುಣುಕು. ಮೊದಲನೆಯದರಲ್ಲಿ ಒಂದೇ ಅಕ್ಷರ ಹತ್ತು-ಹನ್ನೆರಡು ಸಲ ಸಾಲಾಗಿ ಬಂದರೆ ಅಲ್ಲಿಂದಾಚೆ ಓದು ಕಲಸಿಹೋಗುತ್ತದೆ. ಅದಕ್ಕೇ ಎರಡೂ ತುದಿಯಿಂದ ಓದಿಸಬೇಕು. ಐಟಿಎಸ್‌ನದು ಬೇರೆ ಚೇಷ್ಟೆ: ಎಲೆಯೊಳಗಿನ ಶಿಲೀಂಧ್ರವೂ ಅದೇ ಪ್ರೈಮರ್‌ಗೆ (ಪಿಸಿಆರ್ ಶುರುಮಾಡುವ ಡಿಎನ್‌ಎ ಚೂರಿಗೆ) ಓಗೊಡುತ್ತದೆ. ಸೀಕ್ವೆನ್ಸಿಂಗ್ ಗ್ರಾಫಿನಲ್ಲಿ ಒಂದೇ ಜಾಗದಲ್ಲಿ ಸಿ, ಟಿ ಅಕ್ಷರಗಳೆರಡರ ಶಿಖರವೂ ಎದ್ದಿದ್ದರೆ ದಪ್ಪನೆಯದನ್ನು ಬರೆದುಕೊಂಡು ಮುಂದೆ ಹೋಗಬೇಡಿ. ಕ್ಲೋರೊಪ್ಲಾಸ್ಟ್ ಜೀನಿನಲ್ಲಾದರೆ ಮೊದಲ ಅನುಮಾನ ಕಲಬೆರಕೆಯ ಮೇಲೆ. ಐಟಿಎಸ್‌ನಲ್ಲಾದರೆ ಗಿಡ ಮಿಶ್ರತಳಿಯೂ ಇರಬಹುದು.

ಹತ್ತಿ ಇದಕ್ಕೆ ಒಳ್ಳೆಯ ಪಾಠ. 1972ರಲ್ಲಿ ಧಾರವಾಡದಿಂದ ಬಂದ ವರಲಕ್ಷ್ಮಿ ಎಂಬ ಮಿಶ್ರತಳಿ ಹತ್ತಿಗೆ ತಾಯಿ ಗಾಸಿಪಿಯಂ ಹಿರ್ಸುಟಮ್, ತಂದೆ ಬಾರ್ಬಡೆನ್ಸ್. ಹತ್ತಿಯಲ್ಲಿ ಕ್ಲೋರೊಪ್ಲಾಸ್ಟ್ ತಾಯಿಯಿಂದ ಬರುತ್ತದೆ. ಆರ್‌ಬಿಸಿಎಲ್, ಮ್ಯಾಟ್‌ಕೆ ಎರಡನ್ನೂ ಅಚ್ಚುಕಟ್ಟಾಗಿ ಓದಿದರೂ ತಂದೆಯ ಸುಳಿವು ಸಿಗುವುದಿಲ್ಲ. ಓದು ತಪ್ಪಲ್ಲ, ಕೇಳಿದ ಜಾಗ ತಪ್ಪು.

ಸೀಕ್ವೆನ್ಸ್‌ಗಳ ಸಾರ್ವಜನಿಕ ಭಂಡಾರವಾದ ಜೆನ್‌ಬ್ಯಾಂಕಿನಲ್ಲಿ ಹುಡುಕಿದಾಗ ಕಾಣುವ ಶೇ. 99 ಹೋಲಿಕೆ ಎಂಬ ಅಂಕಿಗೂ ಮರುಳಾಗಬೇಡಿ. 550 ಅಕ್ಷರಗಳಲ್ಲಿ ಅದು ಐದಾರು ಅಕ್ಷರಗಳ ವ್ಯತ್ಯಾಸ. ಹತ್ತಿರದ ಎರಡು ಪ್ರಭೇದಗಳ ಆರ್‌ಬಿಸಿಎಲ್‌ನಲ್ಲಿ ಒಂದಕ್ಷರವೂ ಬೇರೆಯಿರದೆ ಇರಬಹುದು. ತಪ್ಪು ಹೆಸರು ಹೊತ್ತ ಸೀಕ್ವೆನ್ಸ್‌ಗಳೂ ಅಲ್ಲಿವೆ. ಪ್ರತಿ ಪ್ರಭೇದದ ಐದು ಗಿಡಗಳನ್ನಾದರೂ ಬೇರೆಬೇರೆ ಕಡೆಯಿಂದ ತನ್ನಿ, ಕಪ್ಪತಗುಡ್ಡದಿಂದ ಒಂದು, ಹಾವೇರಿ ಕಡೆಯಿಂದ ಒಂದು. ಐದರಲ್ಲೂ ಒಂದೇ ಆಗಿದ್ದು ಪಕ್ಕದ ಪ್ರಭೇದದಲ್ಲಿ ಬೇರೆಯಿರುವ ಅಕ್ಷರವೇ ಗುರುತು.

ಬ್ಯಾಡಗಿ ಮೆಣಸಿನಕಾಯಿಗೂ ಇದನ್ನೇ ಮಾಡಬಹುದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಡಬ್ಬಿ, ಕಡ್ಡಿ, ಗುಂಟೂರು, ಎಲ್ಲವೂ ಕ್ಯಾಪ್ಸಿಕಂ ಆನಮ್. ಬಾರ್‌ಕೋಡಿಗೆ ಅವೆಲ್ಲ ಒಂದೇ. ತಳಿ ಬೇರ್ಪಡಿಸಲು ಎಸ್‌ಎಸ್‌ಆರ್ (ಮರುಕಳಿಸುವ ಚಿಕ್ಕ ಅಕ್ಷರಸಾಲು), ಎಸ್‌ಎನ್‌ಪಿ (ಒಂದಕ್ಷರದ ವ್ಯತ್ಯಾಸ) ಗುರುತುಗಳು ಬೇಕು. ಯಾವುದೇ ಪುಡಿಯಲ್ಲಿ ಎರಡು ಪ್ರಭೇದ ಬೆರೆತಿದ್ದರಂತೂ ಸ್ಯಾಂಗರ್ ಎಂಬ ಹಳೆಯ ವಿಧಾನದ ಓದು ಒಂದರ ಮೇಲೊಂದು ಬೀಳುತ್ತದೆ. ಹೊಸ ಯಂತ್ರಗಳಲ್ಲಿ ಎಳೆಎಳೆಯಾಗಿ ಓದಿಸಿದರೆ ಅದರಲ್ಲಿ ಏನೇನಿದೆ ಎಂಬುದು ತಿಳಿಯುತ್ತದೆ. ಕಿಲೋಗೆ ಎಷ್ಟು ಬೆರೆಸಿದ್ದಾರೆ ಎಂಬುದನ್ನು ಆ ಎಳೆಗಳ ಎಣಿಕೆಯಿಂದ ಹೇಳಲಾಗದು.