ಡಾಂಟ್‌ಲೆಸ್: ಬ್ರೇಕ್ ಹಾಕಿಕೊಂಡು ಎರಗುತ್ತಿದ್ದ ಬಾಂಬರ್

ಈ ರೆಕ್ಕೆಯ ಹಿಂಬದಿಯನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ, ನೋಡಿ. ಸಾಲುಸಾಲು ತೂತುಗಳು, ಒಂದೊಂದೂ ಸುಮಾರು ಮೂರು ಇಂಚು ಅಗಲ. ಬೋಂಡಾ ಎತ್ತುವ ತೂತಿನ ಸೌಟಿನ ಹಾಗಿದೆ, ಅಲ್ಲವೇ? ಇವು ಗುಂಡು ತಗುಲಿ ಆದವಲ್ಲ, ಕಾರ್ಖಾನೆಯಲ್ಲಿಯೇ ಕೊರೆದವು. ಗುಂಡೇಟಿನ ಗುರುತುಗಳೂ ಈ ವಿಮಾನದ ಮೇಲಿವೆ. ಅವುಗಳ ಕಥೆಗೆ ಆಮೇಲೆ ಬರುತ್ತೇನೆ.

ನಾನೀಗ ಇರುವುದು ಫ್ಲಾರಿಡಾದ ಪೆನ್ಸಕೋಲಾದಲ್ಲಿ, ಅಮೆರಿಕದ ನೌಕಾ ವಾಯುಯಾನ ವಸ್ತುಸಂಗ್ರಹಾಲಯದೊಳಗೆ. ಎದುರಿಗಿರುವುದು ಡಗ್ಲಸ್ ಎಸ್‌ಬಿಡಿ ಡಾಂಟ್‌ಲೆಸ್. ಎರಡನೇ ಮಹಾಯುದ್ಧದಲ್ಲಿ ವಿಮಾನವಾಹಕ ಹಡಗಿನಿಂದ ಹಾರಿ, ಶತ್ರು ಹಡಗಿನ ನೆತ್ತಿಯ ಮೇಲಿಂದ ಹೆಚ್ಚುಕಡಿಮೆ ನೆಟ್ಟಗೆ ಎರಗಿ ಬಾಂಬ್ ಹಾಕುತ್ತಿದ್ದ ಡೈವ್ ಬಾಂಬರ್. ಯುದ್ಧವಿಮಾನವೆಂದರೆ ಮೊದಲು ಅದರ ವೇಗ ಕೇಳುವವರೇ ಹೆಚ್ಚು. ಇದರ ಗರಿಷ್ಠ ವೇಗ ಗಂಟೆಗೆ ಸುಮಾರು 410 ಕಿಲೋಮೀಟರ್. ಆ ಕಾಲಕ್ಕೂ ಅದು ಬೀಗುವಂಥ ಅಂಕಿಯಲ್ಲ. ನನಗೆ ಈ ವಿಮಾನ ಹಿಡಿಸಿರುವುದು ಇದರ ಬ್ರೇಕಿಗಾಗಿ.

ಎತ್ತರದಲ್ಲಿ ಹಾರುತ್ತಾ ಬಾಂಬ್ ಉದುರಿಸಿದರೆ ಅದು ನೀರು ಮುಟ್ಟುವಷ್ಟರಲ್ಲಿ ಹಡಗು ದಿಕ್ಕು ಬದಲಿಸಿರುತ್ತದೆ. ಆದ್ದರಿಂದ ಸುಮಾರು 70 ಡಿಗ್ರಿ ಕೋನದಲ್ಲಿ ಕೆಳಗೆ ಧುಮುಕಿ, ಹತ್ತಿರದಿಂದ ಹಾಕಬೇಕು. ಆದರೆ ಹಾಗೆ ಧುಮುಕುವ ವಿಮಾನದ ವೇಗ ಹಿಡಿತ ತಪ್ಪಿದರೆ ಗುರಿ ಹಿಡಿಯಲು ಪುರುಸೊತ್ತಿರುವುದಿಲ್ಲ, ಮತ್ತೆ ಮೇಲೇಳುವುದಂತೂ ದೂರದ ಮಾತು. ಅದಕ್ಕಾಗಿ ರೆಕ್ಕೆಯ ಹಿಂಬದಿಯ ಫ್ಲಾಪುಗಳು ಮೇಲಕ್ಕೂ ಕೆಳಕ್ಕೂ ತೆರೆದುಕೊಂಡು ಗಾಳಿಗೆ ಅಡ್ಡ ನಿಲ್ಲುತ್ತಿದ್ದವು. ಇದರ ಹಿಂದಿನ ತಲೆಮಾರಿನ ನಾರ್ಥ್ರಾಪ್ ಬಿಟಿ-1 ವಿಮಾನದಲ್ಲಿ ಈ ಫ್ಲಾಪುಗಳು ತೆರೆದೊಡನೆ ಗಾಳಿ ಸುಳಿಸುಳಿಯಾಗಿ ಹರಿದು ಬಾಲವನ್ನೇ ಅಲುಗಾಡಿಸಿಬಿಡುತ್ತಿತ್ತು. ಫ್ಲಾಪುಗಳಿಗೆ ತೂತು ಕೊರೆದರು. ಒಂದಿಷ್ಟು ಗಾಳಿ ಅವುಗಳ ಮೂಲಕ ನುಸುಳಿತು, ನಡುಕ ಇಳಿಯಿತು, ಬ್ರೇಕಿನ ಹಿಡಿತ ಹಾಗೆಯೇ ಉಳಿಯಿತು. ನಾರ್ಥ್ರಾಪ್ ಸಂಸ್ಥೆ ಡಗ್ಲಸ್‌ನಲ್ಲಿ ವಿಲೀನವಾದ ಮೇಲೆ, ಕ್ಯಾಲಿಫೋರ್ನಿಯಾದ ಎಲ್ ಸೆಗುಂಡೊದಲ್ಲಿ ಎಡ್ ಹೈನ್‌ಮನ್ ಎಂಬ ಎಂಜಿನಿಯರ್ ಆ ವಿಮಾನವನ್ನು ತಿದ್ದಿ ತೀಡಿದ್ದರ ಫಲ ಡಾಂಟ್‌ಲೆಸ್. 1939ರಲ್ಲಿ ಬೇಡಿಕೆ ಬಂತು, 1940ರ ಕೊನೆಗೆ ಮೊದಲ ವಿಮಾನಗಳು ಮರೀನ್ ಪಡೆಗೆ ಸೇರಿದವು.

ಒಳಗೆ ಇಬ್ಬರು. ಮುಂದೆ ಪೈಲಟ್, ಹಿಂದೆ ರೇಡಿಯೊ ನೋಡಿಕೊಳ್ಳುವ ಗನ್ನರ್. ಗನ್ನರ್ ಕುಳಿತುಕೊಳ್ಳುವುದು ಹಿಂಬದಿಗೆ ಮುಖ ಮಾಡಿ. ವಿಮಾನ ಧುಮುಕುವಾಗ ಅವನಿಗೆ ಕಾಣುವುದು ಬರೀ ಆಕಾಶ, ಅಲ್ಲಿಂದ ಬೆನ್ನಟ್ಟಿ ಬರುವ ಶತ್ರು ವಿಮಾನ. ಇದಕ್ಕೆ ಎಂಥ ಗುಂಡಿಗೆ ಬೇಕೋ! ಪೈಲಟ್‌ಗೂ ಕಷ್ಟ ಕಡಿಮೆಯಿರಲಿಲ್ಲ. ಮೊದಲ ಮಾದರಿಗಳಲ್ಲಿ ಗುರಿ ಹಿಡಿಯಲು ದೂರದರ್ಶಕದ ಕೊಳವೆ ಇತ್ತು. ಮೇಲಿನ ಥಂಡಿಯಿಂದ ಸಮುದ್ರದ ಮೇಲಿನ ಬೆಚ್ಚನೆಯ ತೇವಕ್ಕೆ ಇಳಿದೊಡನೆ ಗಾಜು ಮಂಜಾಗಿಬಿಡುತ್ತಿತ್ತು. ಹೊಟ್ಟೆಯಡಿ ಕಾಣುವ ಈ ಕವಲು ಕೋಲಿನ ಕೆಲಸ, ಬಾಂಬು ತಿರುಗುವ ಪ್ರೊಪೆಲರ್‌ಗೆ ತಾಗದಂತೆ ಅದನ್ನು ಆಚೆ ತೂಗಿ ಬಿಡುವುದು.

ಈಗ ಗುಂಡೇಟಿನ ಕಥೆ. ಈ ವಿಮಾನದ ಸಂಖ್ಯೆ 2106. 1942ರ ಜೂನ್ 4ರ ಬೆಳಿಗ್ಗೆ, ಪೆಸಿಫಿಕ್ ನಡುವಿನ ಮಿಡ್‌ವೇ ದ್ವೀಪದಿಂದ ಮರೀನ್ ಪೈಲಟ್ ಡೇನಿಯಲ್ ಐವರ್ಸನ್ ಮತ್ತು ಗನ್ನರ್ ವಾಲೇಸ್ ರೀಡ್ ಇದರಲ್ಲಿ ಜಪಾನಿನ ವಿಮಾನವಾಹಕ ಹಡಗುಗಳ ಮೇಲೆ ದಾಳಿಗೆ ಹೊರಟರು. ಅವರ ದಳದ ಮುಖ್ಯಸ್ಥ ಮೇಜರ್ ಲಾಫ್ಟನ್ ಹೆಂಡರ್ಸನ್. ಹುಡುಗರಲ್ಲಿ ಹಲವರಿಗೆ ಈ ವಿಮಾನ ಹೊಸದು. ಹಾಗಾಗಿ ಕಡಿದಾಗಿ ಧುಮುಕದೆ, ಕಡಿಮೆ ಕೋನದಲ್ಲಿ ಜಾರುತ್ತಾ ದಾಳಿ ಮಾಡುವುದೆಂದು ಹೆಂಡರ್ಸನ್ ತೀರ್ಮಾನಿಸಿದರು. ವಿಮಾನದ ನಿಜವಾದ ಬಲವನ್ನು ಬಳಸುವ ಅವಕಾಶವೇ ಅವರಿಗಿರಲಿಲ್ಲ. ಬಾಂಬುಗಳು ನೀರಿಗೆ ಬಿದ್ದವು, ಹೆಂಡರ್ಸನ್ ಸತ್ತರು. ಐವರ್ಸನ್ ಒಂದೇ ಚಕ್ರದ ಮೇಲೆ ಇಳಿದಾಗ ಈ ವಿಮಾನದಲ್ಲಿ ಎಣಿಸಿದ್ದು 219 ತೂತು.

ಅದೇ ದಿನ ಕೆಲವು ಗಂಟೆಗಳ ನಂತರ ನಡೆದದ್ದನ್ನು ಅದೃಷ್ಟದ ಐದು ನಿಮಿಷ ಎಂದು ಹೇಳುವುದು ರೂಢಿ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಎಂಟರ್‌ಪ್ರೈಸ್ ಹಡಗಿನ ಡಾಂಟ್‌ಲೆಸ್‌ಗಳನ್ನು ಮುನ್ನಡೆಸುತ್ತಿದ್ದ ವೇಡ್ ಮೆಕ್‌ಕ್ಲಸ್ಕಿ ಗೊತ್ತುಪಡಿಸಿದ ಜಾಗಕ್ಕೆ ಹೋದಾಗ ಅಲ್ಲಿ ಬರೀ ಸಮುದ್ರ. ಇಂಧನ ಇಳಿಯುತ್ತಿತ್ತು. ವಾಪಸು ಹೋಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಹುಡುಕಾಟ ಮುಂದುವರಿಸಿದರು. ಕೆಳಗೆ ಒಂಟಿ ಹಡಗೊಂದು ಜೋರಾಗಿ ಓಡುತ್ತಿರುವುದು ಕಂಡಿತು. ಅದು ಜಪಾನಿನ ಅರಾಶಿ. ನಾಟಿಲಸ್ ಎಂಬ ಅಮೆರಿಕದ ಜಲಾಂತರ್ಗಾಮಿಯ ಮೇಲೆ ದಾಳಿ ನಡೆಸಿ, ತನ್ನ ಪಡೆಯನ್ನು ಕೂಡಿಕೊಳ್ಳಲು ಓಡುತ್ತಿತ್ತು. ಅದು ಹೋದ ದಿಕ್ಕನ್ನೇ ಹಿಡಿದರು. ಸುಮಾರು 10 ಗಂಟೆ 20 ನಿಮಿಷಕ್ಕೆ ಜಪಾನಿನ ವಿಮಾನವಾಹಕ ಕಾಗಾ ಹಡಗಿನ ಮೇಲೆ ಎರಗಿದರು. ಅವರ ಜೊತೆಗಿದ್ದ ಎರಡೂ ದಳಗಳು ಒಂದೇ ಹಡಗಿನ ಮೇಲೆ ಮುಗಿಬೀಳುತ್ತಿರುವುದನ್ನು ಗಮನಿಸಿದ, ಒಂದು ದಳದ ನಾಯಕ ಡಿಕ್ ಬೆಸ್ಟ್, ಕೇವಲ ಇಬ್ಬರು ಜೊತೆಗಾರರೊಂದಿಗೆ ಇನ್ನೊಂದು ವಿಮಾನವಾಹಕ ಅಕಾಗಿಯತ್ತ ತಿರುಗಿದರು. ನೇರವಾಗಿ ತಗುಲಿದ್ದು ಒಂದೇ ಬಾಂಬ್. ಅದೇ ಸಾಕಾಯಿತು, ಏಕೆಂದರೆ ಹಡಗಿನ ಕೆಳಗಿನ ಅಂತಸ್ತಿನಲ್ಲಿ ಇಂಧನ ತುಂಬಿದ, ಶಸ್ತ್ರ ಕಟ್ಟಿದ ವಿಮಾನಗಳಿದ್ದವು. ಆ ಬೆಂಕಿಯಲ್ಲಿ ಸಿಕ್ಕಿಕೊಂಡ ನಾವಿಕರನ್ನು ನೆನೆದರೆ ಜೈಕಾರ ಹಾಕಲು ನನಗೆ ಮನಸ್ಸು ಬರುವುದಿಲ್ಲ.

ಯಾರ್ಕ್‌ಟೌನ್ ಹಡಗಿನಿಂದ ಬಂದ ಮ್ಯಾಕ್ಸ್ ಲೆಸ್ಲಿಯ ಕಥೆ ಇನ್ನೊಂದು ಬಗೆ. ಸ್ವಿಚ್ಚಿನ ದೋಷದಿಂದ ಅವರ ಬಾಂಬ್ ದಾರಿಯಲ್ಲೇ ಕಳಚಿ ಸಮುದ್ರಕ್ಕೆ ಬಿದ್ದಿತ್ತು. ಆದರೂ ಸೋರ್ಯು ಹಡಗಿನ ಮೇಲೆ ಮೊದಲು ಧುಮುಕಿದ್ದು ಅವರೇ. ಹಿಂದೆ ಬಂದವರು ಕೆಲಸ ಮುಗಿಸಿದರು. ನಾಲ್ಕನೆಯ ಹಡಗು ಹಿರ್ಯುವಿಗೆ ಸಂಜೆ ಬೆಂಕಿ ಬಿತ್ತು, ಅಲ್ಲಿಯೂ ಬೆಸ್ಟ್ ಇದ್ದರು. ಅಂದು ಕೆಟ್ಟ ಆಮ್ಲಜನಕ ಉಪಕರಣದಿಂದ ಎಳೆದುಕೊಂಡ ರಾಸಾಯನಿಕ ಹೊಗೆ ಅವರ ಎದೆಯೊಳಗೆ ಅಡಗಿದ್ದ ಕ್ಷಯವನ್ನು ಕೆದಕಿತು. ಕೆಮ್ಮಿದರೆ ರಕ್ತ. ಮತ್ತೆ ಅವರು ಯುದ್ಧಕ್ಕೆ ಹಾರಲೇ ಇಲ್ಲ. ಒಂದು ಮಾತು ಬಿಡಬಾರದು: ಇವರಿಗಿಂತ ಮೊದಲು ತಗ್ಗಿನಲ್ಲಿ ಬಂದ ಅಮೆರಿಕದ ಟಾರ್ಪಿಡೊ ದಳವೊಂದರ 15 ವಿಮಾನಗಳೂ ನಾಶವಾದವು. 30 ಜನರಲ್ಲಿ ಬದುಕುಳಿದವರು ಜಾರ್ಜ್ ಗೇ ಒಬ್ಬರೇ.

ಡಾಂಟ್‌ಲೆಸ್‌ನ ರೆಕ್ಕೆಗಳು ಮಡಚುತ್ತಿರಲಿಲ್ಲ, ಹಡಗಿನಲ್ಲಿ ಜಾಗ ತಿನ್ನುತ್ತಿದ್ದವು. ಬದಲಿಗೆ ಬಂದ ಕರ್ಟಿಸ್ ಹೆಲ್‌ಡೈವರ್ ದೊಡ್ಡದು, ವೇಗದ್ದು, ರೆಕ್ಕೆ ಮಡಚುವಂಥದ್ದು. ಆದರೆ ಅದರ ಮೊಂಡುತನಕ್ಕೆ ಪೈಲಟ್‌ಗಳು ರೋಸಿಹೋಗಿದ್ದರು. 1944ರ ಜೂನ್ 20ರಂದು ಫಿಲಿಪ್ಪೀನ್ ಸಮುದ್ರದಲ್ಲಿ ಬಲು ದೂರದ ಸಂಜೆಯ ದಾಳಿಗೆ ಎರಡೂ ಬಗೆಯವು ಹೋದವು. ಐವತ್ತರಷ್ಟು ಹೆಲ್‌ಡೈವರ್‌ಗಳಲ್ಲಿ 40ಕ್ಕೂ ಹೆಚ್ಚು ನಷ್ಟವಾದವು, ಬಹುಪಾಲು ಇಂಧನ ಮುಗಿದು. ಹಳೆಯ ಡಾಂಟ್‌ಲೆಸ್‌ಗಳಲ್ಲಿ ಹೆಚ್ಚಿನವು ಮರಳಿದವು. ಮರುತಿಂಗಳೇ ಅದರ ತಯಾರಿಕೆ ನಿಂತಿತು. ಒಟ್ಟು ತಯಾರಾದದ್ದು 5,936.

2106 ಆಮೇಲೆ ತರಬೇತಿಗೆ ಹೋಯಿತು. ಮಿಷಿಗನ್ ಸರೋವರದಲ್ಲಿ ಹಳೆಯ ಪ್ರಯಾಣಿಕ ದೋಣಿಗಳನ್ನೇ ವಿಮಾನವಾಹಕಗಳನ್ನಾಗಿ ಮಾಡಿ ಹೊಸಬರಿಗೆ ಇಳಿಯುವುದನ್ನು ಕಲಿಸುತ್ತಿದ್ದರು. 1943ರಲ್ಲಿ ಇದು ಅಲ್ಲಿ ಮುಳುಗಿತು, 1994ರಲ್ಲಿ ಎತ್ತಿ ತಂದರು. ಅದೇ ಸರೋವರದಿಂದ ಎತ್ತಿದ ಇನ್ನೊಂದು ಡಾಂಟ್‌ಲೆಸ್ ಷಿಕಾಗೊದ ಮಿಡ್‌ವೇ ವಿಮಾನ ನಿಲ್ದಾಣದ ಒಳಗೆ ತೂಗಾಡುತ್ತಿದೆ. ಆ ಊರಿನ ಕನ್ನಡಿಗರು ಮುಂದಿನ ಸಲ ವಿಮಾನ ಹತ್ತುವಾಗ ಒಮ್ಮೆ ತಲೆಯೆತ್ತಿ ನೋಡಿ. ನೋಡಿದರೆ ಅದರ ಫ್ಲಾಪಿನ ಫೋಟೊ ಕಳುಹಿಸಿ.